ಅವಧಿಯ ಲೆಕ್ಕ: ಗಳಿಗೆ ಬಟ್ಟಲಿನಿಂದ ಗಣಕಯಂತ್ರದವರೆಗೆ

ಕೈಗೆ ಒಂದು ಪೆನ್ಸಿಲು ಮತ್ತು ಒಂದು ತುಂಡು ಕಾಗದ ತೆಗೆದುಕೊಳ್ಳಿ. ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ.

ಟಿ.ವಿ. ಕಾರ್ಯಕ್ರಮವೊಂದಕ್ಕೆ ಎರಡು ಚಿತ್ರಭಾಗಗಳನ್ನು ಜೋಡಿಸಬೇಕಾಗಿದೆ. ಮೊದಲನೆಯದರ ಅವಧಿ 8 ನಿಮಿಷ, 47 ಸೆಕೆಂಡು, 19 ಫ್ರೇಮು. ಎರಡನೆಯದು 6 ನಿಮಿಷ, 38 ಸೆಕೆಂಡು, 12 ಫ್ರೇಮು. ಒಂದು ಫ್ರೇಮು ಎಂದರೆ ಒಂದು ಸ್ಥಿರಚಿತ್ರ. ನಮ್ಮ ದೇಶದ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ ಇಂಥ 25 ಚಿತ್ರಗಳು. ಹಾಗಾದರೆ ಒಟ್ಟು ಅವಧಿ ಎಷ್ಟು?

ಶಾಲೆಯಲ್ಲಿ ಕಲಿತಂತೆ ಕೂಡಿದರೆ 19ಕ್ಕೆ 12 ಸೇರಿ 31 ಫ್ರೇಮು. ಅದರಲ್ಲಿ 25 ಕಳೆದರೆ ದಶಕ 1, ಉಳಿಕೆ 6. ಇಲ್ಲಿ 'ದಶಕ' ಎಂಬ ಮಾತೇ ಹೊಂದುವುದಿಲ್ಲ, ಏಕೆಂದರೆ ನಾವು ಹತ್ತರಲ್ಲಲ್ಲ, 25ರಲ್ಲಿ ಎಣಿಸುತ್ತಿದ್ದೇವೆ. ಮುಂದಿನ ಮನೆಯಲ್ಲಿ ಮತ್ತೆ ನಿಯಮ ಬದಲು: ಅಲ್ಲಿ 60. ಉತ್ತರ 15 ನಿಮಿಷ, 26 ಸೆಕೆಂಡು, 6 ಫ್ರೇಮು.

ಇದೇ ಲೆಕ್ಕಕ್ಕೆ ಇನ್ನೊಂದು ದಾರಿಯಿದೆ. ಎರಡು ಅವಧಿಗಳನ್ನೂ ಮೊದಲು ಬರೀ ಫ್ರೇಮುಗಳಾಗಿ ಬಿಡಿಸಿ: 13,194 ಮತ್ತು 9,962. ಈಗ ಮಾಮೂಲಿನಂತೆ ಕೂಡಿ: 23,156. ಕೊನೆಗೆ 25ರಿಂದ, ಆಮೇಲೆ 60ರಿಂದ ಭಾಗಿಸಿ. ಅದೇ ಉತ್ತರ. ಮನುಷ್ಯರಿಗೆ ಮೊದಲ ದಾರಿ ರೂಢಿ. ಗಣಕಯಂತ್ರಕ್ಕೆ ಎರಡನೆಯದೇ ಸಲೀಸು. ಚಿಕ್ಕದೊಂದು ಮಾನವನ್ನು ಆರಿಸಿಕೊ, ಎಲ್ಲವನ್ನೂ ಅದರ ಪೂರ್ಣಸಂಖ್ಯೆಯಾಗಿ ಎಣಿಸು, ಭಾಗಾಕಾರವನ್ನು ಕೊನೆಗೆ ಇಟ್ಟುಕೊ: ಇಷ್ಟೇ ಸೂತ್ರ. ಈ ಸೂತ್ರ ಎಷ್ಟು ಹಳೆಯದು, ಅದನ್ನು ಅರ್ಧಕ್ಕೆ ಕೈಬಿಟ್ಟಾಗ ಏನಾಯಿತು ಎಂಬುದೇ ಈ ಲೇಖನದ ಕಥೆ.

ಅರವತ್ತರ ಪಿತ್ರಾರ್ಜಿತ

ಗಂಟೆಗೆ 60 ನಿಮಿಷ, ನಿಮಿಷಕ್ಕೆ 60 ಸೆಕೆಂಡು ಎಂಬ ಎಣಿಕೆಯ ಬೇರು ಪ್ರಾಚೀನ ಬ್ಯಾಬಿಲೋನಿಯಾದಲ್ಲಿದೆ. ಅಲ್ಲಿಯ ಖಗೋಳಜ್ಞರು ಅರವತ್ತರ ಮಾನದಲ್ಲಿ ಲೆಕ್ಕ ಮಾಡುತ್ತಿದ್ದರು. ನಮ್ಮಲ್ಲೂ ಅರವತ್ತೇ ಬಂತು: ಒಂದು ದಿನಕ್ಕೆ 60 ಗಳಿಗೆ, ಒಂದು ಗಳಿಗೆಗೆ 60 ವಿಗಳಿಗೆ. ಇಂದಿನ ಲೆಕ್ಕದಲ್ಲಿ ಗಳಿಗೆ ಎಂದರೆ 24 ನಿಮಿಷ, ವಿಗಳಿಗೆ ಎಂದರೆ 24 ಸೆಕೆಂಡು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗಿದರೆ ಒಂದು ಗಳಿಗೆ ಎಂದು ಎಣಿಸುತ್ತಿದ್ದರು. ಈ 'ಗಳಿಗೆ ಬಟ್ಟಲು' ಅಳೆಯುತ್ತಿದ್ದುದು ಅವಧಿಯನ್ನು. 'ಈಗ ಎಷ್ಟು ಹೊತ್ತು' ಎಂಬುದು ತಿಳಿಯಬೇಕಾದರೆ ಸೂರ್ಯೋದಯದಿಂದ ಎಷ್ಟು ಬಟ್ಟಲು ಮುಳುಗಿದವು ಎಂದು ಲೆಕ್ಕ ಇಡಬೇಕಿತ್ತು. ಈ ವ್ಯತ್ಯಾಸವನ್ನು ನೆನಪಿಡಿ: ಕ್ಷಣ ಬೇರೆ, ಅವಧಿ ಬೇರೆ. 'ಬೆಳಿಗ್ಗೆ 10 ಗಂಟೆ' ಒಂದು ಕ್ಷಣ. '10 ಗಂಟೆಗಳ ಕಾಲ' ಒಂದು ಅವಧಿ. ಎರಡು ಕ್ಷಣಗಳನ್ನು ಕಳೆದರೆ ಅವಧಿ ಸಿಗುತ್ತದೆ. ಕ್ಷಣಕ್ಕೆ ಅವಧಿ ಕೂಡಿದರೆ ಇನ್ನೊಂದು ಕ್ಷಣ ಸಿಗುತ್ತದೆ. ಆದರೆ ಎರಡು ಕ್ಷಣಗಳನ್ನು ಕೂಡಿದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ.

ಕಾಲವನ್ನೂ ದಶಮಾನಕ್ಕೆ ತರುವ ಪ್ರಯತ್ನ ನಡೆಯಲಿಲ್ಲವೇ? ನಡೆಯಿತು. ಫ್ರಾನ್ಸಿನ ಕ್ರಾಂತಿ ಸರ್ಕಾರ 1793ರಲ್ಲಿ ದಿನಕ್ಕೆ 10 ಗಂಟೆ, ಗಂಟೆಗೆ 100 ನಿಮಿಷ, ನಿಮಿಷಕ್ಕೆ 100 ಸೆಕೆಂಡು ಎಂದು ಕಾನೂನು ಮಾಡಿತು. ಜನರು ಒಪ್ಪಲಿಲ್ಲ, 1795ರಲ್ಲಿ ಆ ಕಡ್ಡಾಯವನ್ನು ಕೈಬಿಡಬೇಕಾಯಿತು. ನಮ್ಮ ದೇಶದಲ್ಲಿ ರೂಪಾಯಿ-ಆಣೆ-ಪೈಗಳ ಲೆಕ್ಕ 1957ರ ಏಪ್ರಿಲ್ 1ರಂದು ದಶಮಾನಕ್ಕೆ ಬದಲಾಯಿತು, ಜನ ಒಗ್ಗಿಕೊಂಡರು. ಗಡಿಯಾರ ಮಾತ್ರ ಹಳೆಯ ಅರವತ್ತಕ್ಕೇ ಅಂಟಿಕೊಂಡಿತು. ಹೀಗಾಗಿ ಕಂಪ್ಯೂಟರಿಗೆ ಕ್ರಮವಿಧಿ ಬರೆಯುವವರ ಪಾಲಿಗೂ ಆ ಪಿತ್ರಾರ್ಜಿತವೇ ಬಂದಿದೆ.

ದಿನಗಳ ರಾಶಿ

ಪಂಚಾಂಗ ಗಣಿತ ಮಾಡುತ್ತಿದ್ದ ನಮ್ಮ ಪೂರ್ವಿಕರಿಗೆ ಈ ತೊಡಕು ಚೆನ್ನಾಗಿ ಗೊತ್ತಿತ್ತು. ವರ್ಷ, ಮಾಸ, ಅಧಿಕಮಾಸ, ತಿಥಿಗಳನ್ನು ಇದ್ದಂತೆಯೇ ಕೂಡಿ ಕಳೆಯುವುದು ಕಷ್ಟ. ಆದ್ದರಿಂದ ಅವರು 'ಅಹರ್ಗಣ' ಎಂಬ ಉಪಾಯ ಮಾಡಿದರು. ಅಹಸ್ಸು ಎಂದರೆ ದಿನ, ಗಣ ಎಂದರೆ ರಾಶಿ. ಕಲಿಯುಗದ ಆರಂಭವೆಂದು ಕ್ರಿ.ಪೂ. 3102ರ ಫೆಬ್ರವರಿಯ ಒಂದು ದಿನವನ್ನು ಶೂನ್ಯವಾಗಿಟ್ಟುಕೊಂಡು, ಅಲ್ಲಿಂದ ಕಳೆದ ಒಟ್ಟು ದಿನಗಳೆಷ್ಟು ಎಂಬ ಒಂದೇ ಸಂಖ್ಯೆ. ಅದು ಕೈಗೆ ಬಂದರೆ ಯಾವ ಗ್ರಹ ಎಲ್ಲಿದೆ ಎಂಬುದು ಬರೀ ಗುಣಾಕಾರ, ಭಾಗಾಕಾರ.

ಅವರು ಭಿನ್ನರಾಶಿಯ ಕಾಟವನ್ನು ತಪ್ಪಿಸಿಕೊಂಡ ರೀತಿ ಇನ್ನೂ ಸೊಗಸು. ಕ್ರಿ.ಶ. 499ರ ಕಾಲಕ್ಕೆ ಸೇರಿದ 'ಆರ್ಯಭಟೀಯ'ದಲ್ಲಿ ಒಂದು ವರ್ಷಕ್ಕೆ ಇಷ್ಟು ದಿನ, ಇಷ್ಟು ಚೂರು ಎಂದು ಹೇಳುವುದಿಲ್ಲ. 43,20,000 ವರ್ಷಗಳ ಮಹಾಯುಗಕ್ಕೆ 1,57,79,17,500 ದಿನಗಳು ಎಂದು ಎರಡು ಪೂರ್ಣಸಂಖ್ಯೆಗಳು ಸಿಗುತ್ತವೆ. ನೀವೇ ಭಾಗಿಸಿ ನೋಡಿ. ವರ್ಷಕ್ಕೆ ಸುಮಾರು 365.2587 ದಿನ ಬರುತ್ತದೆ. ಆದರೆ ಆ ದಶಾಂಶವನ್ನು ಮೊದಲೇ ಕತ್ತರಿಸಿ ಇಟ್ಟುಕೊಂಡರೆ, ಸಾವಿರಾರು ವರ್ಷಗಳಿಂದ ಗುಣಿಸುವಾಗ ಕತ್ತರಿಸಿದ ಚೂರೂ ಸಾವಿರಾರು ಪಟ್ಟು ಬೆಳೆಯುತ್ತದೆ. ಪೂರ್ಣಸಂಖ್ಯೆಗಳನ್ನೇ ಇಟ್ಟುಕೊಂಡು ಕೊನೆಗೆ ಭಾಗಿಸಿದರೆ ಆ ಭಯವಿಲ್ಲ.

ಯೂರೋಪಿನಲ್ಲಿ ಜೋಸೆಫ್ ಸ್ಕ್ಯಾಲಿಜರ್ ಎಂಬ ವಿದ್ವಾಂಸ 1583ರಲ್ಲಿ ಕ್ರಿ.ಪೂ. 4713ರಿಂದ ಆರಂಭವಾಗುವ ದೀರ್ಘ ಕಾಲಚಕ್ರವೊಂದನ್ನು ಸೂಚಿಸಿದ. ಅದನ್ನೇ ಆಧಾರವಾಗಿಟ್ಟುಕೊಂಡು ಖಗೋಳಜ್ಞರು ಇಂದಿಗೂ 'ಜೂಲಿಯನ್ ದಿನಸಂಖ್ಯೆ'ಯನ್ನು ಬಳಸುತ್ತಾರೆ.

ಸೆಕೆಂಡಿನ ಅರವತ್ತನೇ ಒಂದು ಭಾಗ

ಈಗ ಅಮೆರಿಕದ ಬೆಲ್ ಪ್ರಯೋಗಾಲಯಕ್ಕೆ ಬನ್ನಿ. ಅಲ್ಲಿ ಕೆನ್ ಥಾಮ್ಸನ್, ಡೆನ್ನಿಸ್ ರಿಚಿ ಮತ್ತು ಸಂಗಡಿಗರು 1969ರಿಂದ 'ಯುನಿಕ್ಸ್' ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುತ್ತಿದ್ದರು. ಯಂತ್ರಕ್ಕೆ ಹೊತ್ತು ತಿಳಿಯುವುದು ಹೇಗೆ? ಒಂದು ಮಿಡಿತ ಬೇಕು. ಅಮೆರಿಕದ ವಿದ್ಯುತ್ ಪ್ರವಾಹ ಸೆಕೆಂಡಿಗೆ 60 ಆವರ್ತನದ್ದು, ಅದನ್ನೇ ಎಣಿಸಿದರಾಯಿತು. (ನಮ್ಮಲ್ಲಿ ಸೆಕೆಂಡಿಗೆ 50 ಆವರ್ತನ, ನಮ್ಮ ಟಿ.ವಿ.ಯ 25 ಫ್ರೇಮುಗಳ ಲೆಕ್ಕ ಬಂದದ್ದೂ ಆ 50ರ ಅರ್ಧದಿಂದಲೇ.)

1971ರ ನವೆಂಬರಿನ ಯುನಿಕ್ಸ್ ಕೈಪಿಡಿಯ ಪ್ರಕಾರ, ಕಾಲವೆಂದರೆ 1971ರ ಜನವರಿ 1ರಿಂದ ಕಳೆದ ಸೆಕೆಂಡಿನ ಅರವತ್ತನೇ ಭಾಗಗಳ ಸಂಖ್ಯೆ. ಅಹರ್ಗಣದ ಹಾಗೆಯೇ ಒಂದು ಶೂನ್ಯಬಿಂದು, ಅಲ್ಲಿಂದ ಒಂದೇ ಎಣಿಕೆ. ಆದರೆ ಎಣಿಕೆಯನ್ನು ಬರೆದಿಡಲು ಇದ್ದದ್ದು 32 ಮನೆಗಳು, ಪ್ರತಿ ಮನೆಯಲ್ಲಿ 0 ಅಥವಾ 1 ಮಾತ್ರ. ಸ್ಕೂಟರಿನ ಕಿಲೋಮೀಟರ್ ಮೀಟರಿನಲ್ಲಿ 99999 ಆದ ಮೇಲೆ 00000 ಬರುವುದನ್ನು ನೋಡಿದ್ದೀರಲ್ಲವೇ? ಇಲ್ಲಿಯೂ ಹಾಗೆಯೇ. 32 ಮನೆಗಳಲ್ಲಿ ಹಿಡಿಯುವುದು 4,29,49,67,296 ಸಂಖ್ಯೆಗಳು. ಸೆಕೆಂಡಿಗೆ 60ರಂತೆ ಎಣಿಸುತ್ತ ಹೋದರೆ 828 ದಿನಗಳಿಗೆ, ಎಂದರೆ ಎರಡೂಕಾಲು ವರ್ಷಕ್ಕೆ ಮೀಟರು ತುಂಬಿ ಶೂನ್ಯಕ್ಕೆ ಮರಳುತ್ತದೆ. ಇದು ಅವರಿಗೆ ತಿಳಿಯದ ಸಂಗತಿಯಲ್ಲ. ಕೈಪಿಡಿಯಲ್ಲೇ ಎಚ್ಚರಿಕೆ ಕೊಟ್ಟಿದ್ದರು. ಆರಂಭದಲ್ಲಿ ಶೂನ್ಯದಿನವನ್ನೇ ಮುಂದಕ್ಕೆ ತಳ್ಳಿದರು. ಅನಂತರ ಮಾನವನ್ನು ಬದಲಾಯಿಸಿ ಪೂರ್ಣ ಸೆಕೆಂಡುಗಳಲ್ಲಿ ಎಣಿಸಲು ತೊಡಗಿದರು. ಶೂನ್ಯಬಿಂದು 1970ರ ಜನವರಿ 1 ಎಂದು ನಿಂತಿತು. ಈ ಎಣಿಕೆ 2001ರ ಸೆಪ್ಟೆಂಬರ್ 9ರಂದು 100 ಕೋಟಿ ಸೆಕೆಂಡು ದಾಟಿತು.

ಗಮನಿಸಿ, ಇಲ್ಲಿ ಎರಡು ಆಯ್ಕೆಗಳಿವೆ: ಮಾನ ಎಷ್ಟು ಚಿಕ್ಕದು, ಪೆಟ್ಟಿಗೆ ಎಷ್ಟು ದೊಡ್ಡದು. ಮಾನ ಚಿಕ್ಕದಾದಷ್ಟೂ ಲೆಕ್ಕ ಸೂಕ್ಷ್ಮ. ಆದರೆ ಪೆಟ್ಟಿಗೆ ಬೇಗ ತುಂಬುತ್ತದೆ.

ದಹ್ರಾನಿನ 100 ಗಂಟೆಗಳು

1991ರ ಕೊಲ್ಲಿ ಯುದ್ಧ. ಸೌದಿ ಅರೇಬಿಯಾದ ದಹ್ರಾನ್ ನಗರದ ಬಳಿ ಅಮೆರಿಕದ ಸೈನಿಕರು ಬೀಡುಬಿಟ್ಟಿದ್ದರು. ಇರಾಕಿನ ಸ್ಕಡ್ ಕ್ಷಿಪಣಿಗಳನ್ನು ಆಕಾಶದಲ್ಲೇ ತಡೆಯಲು 'ಪೇಟ್ರಿಯಟ್' ಎಂಬ ಪ್ರತಿಕ್ಷಿಪಣಿ ವ್ಯವಸ್ಥೆಯಿತ್ತು. ಅದರ ರೇಡಾರ್ ಒಂದು ವಸ್ತುವನ್ನು ಕಂಡೊಡನೆ, ಅದು ಮುಂದೆ ಎಲ್ಲಿರಬಹುದು ಎಂದು ಗಣಕ ಲೆಕ್ಕಹಾಕಿ ಆಕಾಶದ ಆ ಭಾಗವನ್ನೇ ಮತ್ತೆ ನೋಡುತ್ತದೆ. ವೇಗವನ್ನು ಅವಧಿಯಿಂದ ಗುಣಿಸಿದರೆ ದೂರ: ನೀವು ಏಳನೇ ತರಗತಿಯಲ್ಲಿ ಕಲಿತ ಲೆಕ್ಕವೇ.

ಆ ಗಣಕದ ಗಡಿಯಾರ ಸೆಕೆಂಡಿನ ಹತ್ತನೇ ಭಾಗಗಳನ್ನು ಪೂರ್ಣಸಂಖ್ಯೆಯಾಗಿ ಎಣಿಸುತ್ತಿತ್ತು. ಅಲ್ಲಿಯವರೆಗೆ ಎಲ್ಲವೂ ಸರಿ. ಸೆಕೆಂಡಿಗೆ ಪರಿವರ್ತಿಸಲು ಅದನ್ನು ಹತ್ತರಿಂದ ಭಾಗಿಸುವ ಬದಲು ಹತ್ತನೇ ಒಂದರಿಂದ ಗುಣಿಸುತ್ತಿದ್ದರು. ತೊಡಕು ಇದ್ದದ್ದು ಇಲ್ಲಿ. ಮೂರನೇ ಒಂದನ್ನು ದಶಮಾನದಲ್ಲಿ ಬರೆದರೆ 0.3333 ಎಂದು ಮುಗಿಯದೆ ಹೋಗುತ್ತದೆಯಲ್ಲವೇ? ಹಾಗೆಯೇ ಹತ್ತನೇ ಒಂದನ್ನು ದ್ವಿಮಾನದಲ್ಲಿ ಬರೆದರೆ 0.000110011001100 ಎಂದು ಕೊನೆಯೇ ಇಲ್ಲದೆ ಸಾಗುತ್ತದೆ. ಪೇಟ್ರಿಯಟ್ ಗಣಕದಲ್ಲಿ ಇದ್ದದ್ದು 24 ಮನೆಗಳು, ಉಳಿದದ್ದನ್ನು ಕತ್ತರಿಸಲಾಗಿತ್ತು. ಕತ್ತರಿಸಿದ ಚೂರು ಸುಮಾರು 0.000000095 ಸೆಕೆಂಡು, ಸೆಕೆಂಡಿನ ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ.

ಫೆಬ್ರವರಿ 25ರಂದು ಆ ವ್ಯವಸ್ಥೆ ನಿಲ್ಲಿಸದೆ 100 ಗಂಟೆಗೂ ಮಿಕ್ಕಿ ಓಡಿತ್ತು. 100 ಗಂಟೆ ಎಂದರೆ 36 ಲಕ್ಷ ಹತ್ತನೇ ಭಾಗಗಳು. 36 ಲಕ್ಷವನ್ನು ಆ ಚೂರಿನಿಂದ ಗುಣಿಸಿ: 0.34 ಸೆಕೆಂಡು. ಸ್ಕಡ್‌ನ ವೇಗ ಸೆಕೆಂಡಿಗೆ ಸುಮಾರು 1,676 ಮೀಟರು. 0.34 ಸೆಕೆಂಡಿನಲ್ಲಿ ಅದು ಅರ್ಧ ಕಿಲೋಮೀಟರಿಗೂ ಹೆಚ್ಚು ಸಾಗಿಬಿಡುತ್ತದೆ. ರೇಡಾರ್ ನೋಡಿದ ಜಾಗದಲ್ಲಿ ಏನೂ ಕಾಣಲಿಲ್ಲ. ಕ್ಷಿಪಣಿ ಸೈನಿಕರ ವಸತಿಯ ಮೇಲೆ ಬಿತ್ತು. 28 ಜನ ಸತ್ತರು.

ನಿಮ್ಮಲ್ಲಿ ಚುರುಕಾದವರು ಕೇಳಬಹುದು: ಎರಡು ಕ್ಷಣಗಳನ್ನು ಕಳೆಯುವಾಗ ಎರಡರಲ್ಲೂ ಒಂದೇ ತಪ್ಪಿದ್ದರೆ ಅದು ಪರಸ್ಪರ ಹೊಡೆದುಹೋಗಬೇಕಲ್ಲ? ಒಳ್ಳೆಯ ಪ್ರಶ್ನೆ. ಆದರೆ ಕ್ರಮವಿಧಿಯ ಕೆಲವು ಕಡೆ ಈ ಪರಿವರ್ತನೆಯನ್ನು ಹೆಚ್ಚು ನಿಖರವಾಗಿ ತಿದ್ದಿದ್ದರು, ಇನ್ನು ಕೆಲವು ಕಡೆ ಹಳೆಯದೇ ಉಳಿದಿತ್ತು. ಒಂದು ಕ್ಷಣವನ್ನು ಹೊಸ ಅಳತೆಗೋಲಿನಿಂದ, ಇನ್ನೊಂದನ್ನು ಹಳೆಯದರಿಂದ ಅಳೆದು ಕಳೆದರೆ ತಪ್ಪು ಹೊಡೆದುಹೋಗುವುದಿಲ್ಲ. ಪೂರ್ತಿಯಾಗಿ ಉತ್ತರದಲ್ಲಿ ಉಳಿದುಕೊಳ್ಳುತ್ತದೆ.

ಇದಕ್ಕಿಂತಲೂ ಮನಸ್ಸಿಗೆ ನಾಟುವ ಸಂಗತಿ ಇನ್ನೊಂದಿದೆ. ಹೆಚ್ಚು ಹೊತ್ತು ಓಡಿಸಿದರೆ ಗುರಿ ಜರುಗುತ್ತದೆ ಎಂದು ಫೆಬ್ರವರಿ 11ರಂದೇ ಇಸ್ರೇಲಿನಿಂದ ಮಾಹಿತಿ ಬಂದಿತ್ತು. ತಿದ್ದಿದ ತಂತ್ರಾಂಶ 16ರಂದು ಸಿದ್ಧವಾಯಿತು. 21ರಂದು ಎಲ್ಲ ದಳಗಳಿಗೂ ಒಂದು ಸಂದೇಶ ಹೋಯಿತು: ವ್ಯವಸ್ಥೆಯನ್ನು 'ಬಹಳ ಹೊತ್ತು' ಓಡಿಸಿದರೆ ದೋಷ ಕಾಣಿಸಬಹುದು ಎಂದು. ಬಹಳ ಹೊತ್ತು ಎಂದರೆ ಎಷ್ಟು ಗಂಟೆ? ಸಂದೇಶದಲ್ಲಿ ಅದಿರಲಿಲ್ಲ. ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲೂ ಮಾಡಿದ್ದರೆ ಎಣಿಕೆ ಶೂನ್ಯದಿಂದ ತೊಡಗುತ್ತಿತ್ತು. ಅದಕ್ಕೆ ಬೇಕಾದದ್ದು ಒಂದೆರಡು ನಿಮಿಷ. ತಿದ್ದಿದ ತಂತ್ರಾಂಶ ದಹ್ರಾನ್ ತಲುಪಿದ್ದು ಫೆಬ್ರವರಿ 26ರಂದು, ದುರಂತದ ಮರುದಿನ. 1992ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಈ ಎಲ್ಲವನ್ನೂ ವರದಿ ಮಾಡಿತು. ಸಂಖ್ಯೆಯಿಲ್ಲದ, ಮಾನವಿಲ್ಲದ ಅವಧಿಯನ್ನು ಯಂತ್ರವಷ್ಟೇ ಅಲ್ಲ, ಮನುಷ್ಯನೂ ಲೆಕ್ಕಕ್ಕೆ ತೆಗೆದುಕೊಳ್ಳಲಾರ.

ತಿಂಗಳೆಂಬ ತೊಡಕು

ಸೆಕೆಂಡುಗಳ ಕಥೆ ಹೀಗಾದರೆ ತಿಂಗಳುಗಳದು ಬೇರೆಯೇ. ಜನವರಿ 31ಕ್ಕೆ ಒಂದು ತಿಂಗಳು ಕೂಡಿ. ಉತ್ತರ ಫೆಬ್ರವರಿ 28 ಎನ್ನುತ್ತೀರಾ? ಅದಕ್ಕೆ ಮತ್ತೆ ಒಂದು ತಿಂಗಳು ಕೂಡಿದರೆ ಮಾರ್ಚ್ 28. ಆದರೆ ಜನವರಿ 31ಕ್ಕೆ ಒಮ್ಮೆಗೇ ಎರಡು ತಿಂಗಳು ಕೂಡಿದರೆ ಮಾರ್ಚ್ 31. ಒಂದು ಕೂಡಿಸು ಒಂದು ಎರಡಾಗಲಿಲ್ಲ! 28ರಿಂದ 31 ದಿನಗಳವರೆಗೆ ಹಿಗ್ಗಿ ಕುಗ್ಗುವ ತಿಂಗಳು ನಿಜವಾದ ಅಳತೆಗೋಲೇ ಅಲ್ಲ. ದತ್ತಾಂಶ ಸಂಗ್ರಹಗಳಿಗಾಗಿ 1992ರಲ್ಲಿ ಬಂದ 'ಎಸ್‌ಕ್ಯೂಎಲ್-92' ಮಾನಕ ಇದನ್ನು ಗುರುತಿಸಿ ಅವಧಿಗಳನ್ನು ಎರಡು ಪಂಗಡ ಮಾಡಿತು: ವರ್ಷ-ತಿಂಗಳುಗಳದು ಒಂದು, ದಿನ-ಗಂಟೆ-ನಿಮಿಷ-ಸೆಕೆಂಡುಗಳದು ಇನ್ನೊಂದು. 2014ರಲ್ಲಿ ಬಂದ 'ಜಾವಾ 8' ಭಾಷೆಯೂ ಇಂಥದೇ ಎರಡು ಬಗೆಗಳನ್ನು ಇಟ್ಟುಕೊಂಡಿತು.

ವರ್ಷಗಳ ಲೆಕ್ಕವೂ ಒಮ್ಮೆ ಜಗತ್ತನ್ನು ಬೆವರಿಳಿಸಿತು. ಗಣಕಗಳ ಸ್ಮೃತಿ ದುಬಾರಿಯಾಗಿದ್ದ ಕಾಲದಲ್ಲಿ 1965 ಎಂಬುದನ್ನು 65 ಎಂದಷ್ಟೇ ಬರೆದಿಡುತ್ತಿದ್ದರು. 1999ರಲ್ಲಿ ಆತನ ವಯಸ್ಸು 99ರಿಂದ 65 ಕಳೆದು 34. ಆದರೆ 2000ದಲ್ಲಿ? 00ಯಿಂದ 65 ಕಳೆದರೆ ಮೈನಸ್ 65. ಹುಟ್ಟಲು ಇನ್ನೂ 65 ವರ್ಷ ಇದೆ ಎಂದಂತಾಯಿತು. ಇಂಥ ಸಾಲುಗಳನ್ನು ಹುಡುಕಿ ತಿದ್ದುವ ಕೆಲಸ 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿದಂತೆ ಭಾರತದ ತಂತ್ರಾಂಶ ಸಂಸ್ಥೆಗಳಿಗೆ ಹೇರಳವಾಗಿ ಬಂತು.

61 ಸೆಕೆಂಡುಗಳ ನಿಮಿಷ

ಒಂದು ಸೆಕೆಂಡಾದರೂ ಗಟ್ಟಿಯಾದ ಮಾನವೇ? 1967ರಲ್ಲಿ ಸೀಸಿಯಂ ಪರಮಾಣುವಿನ ಕಂಪನಗಳ ಆಧಾರದಿಂದ ಅದನ್ನು ನಿಗದಿ ಮಾಡಿದರು. ಆದರೆ ಭೂಮಿಯ ಆವರ್ತನೆ ಅಷ್ಟು ನಿಯತವಲ್ಲ. ಎರಡನ್ನೂ ಹೊಂದಿಸಲು 1972ರಿಂದ ಆಗಾಗ ಒಂದು 'ಲೀಪ್ ಸೆಕೆಂಡ'ನ್ನು ಸೇರಿಸುತ್ತ ಬಂದರು. 2016ರ ಕೊನೆಯವರೆಗೆ ಒಟ್ಟು 27. ಕೊನೆಯದು ನಮ್ಮ ಗಡಿಯಾರಕ್ಕೆ ಬಂದದ್ದು 2017ರ ಜನವರಿ 1ರ ಬೆಳಿಗ್ಗೆ: 5 ಗಂಟೆ 29 ನಿಮಿಷ 59 ಸೆಕೆಂಡು ಆದ ಮೇಲೆ 60ನೇ ಸೆಕೆಂಡು, ಆಮೇಲೆ ಐದೂವರೆ.

ಯುನಿಕ್ಸ್ ಎಣಿಕೆ ಮಾತ್ರ ಪ್ರತಿ ದಿನವೂ 86,400 ಸೆಕೆಂಡೇ ಎಂದು ನಂಬಿದೆ. ಆದ್ದರಿಂದ ಆ ಬೆಳಗಿನ ಐದೂಕಾಲು ಮತ್ತು ಐದೂಮುಕ್ಕಾಲರ ನಡುವಿನ ಅವಧಿಯನ್ನು ಕಳೆದು ನೋಡಿದರೆ ಒಂದು ಸೆಕೆಂಡು ಕಡಿಮೆ ತೋರಿಸುತ್ತದೆ. 2012ರ ಜೂನ್ 30ರ ಲೀಪ್ ಸೆಕೆಂಡಿಗೆ ಅನೇಕ ಗಣಕಗಳು ತಬ್ಬಿಬ್ಬಾದವು. ಆಸ್ಟ್ರೇಲಿಯಾದ ವಿಮಾನ ಪ್ರಯಾಣಿಕರು ಟಿಕೆಟ್ ವ್ಯವಸ್ಥೆ ಕೆಟ್ಟು ಕಾಯಬೇಕಾಯಿತು. ಈ ಪದ್ಧತಿಯನ್ನು 2035ರೊಳಗೆ ಬದಲಾಯಿಸಬೇಕೆಂದು ಅಂತಾರಾಷ್ಟ್ರೀಯ ಅಳತೆ-ತೂಕಗಳ ಮಹಾಸಭೆ 2022ರಲ್ಲಿ ನಿರ್ಣಯಿಸಿದೆ.

ಇದಕ್ಕೆ ಪರಿಹಾರವಾಗಿ ಇಂದಿನ ಗಣಕಗಳಲ್ಲಿ ಎರಡು ಗಡಿಯಾರಗಳಿರುತ್ತವೆ. ಒಂದು ಗೋಡೆ ಗಡಿಯಾರದಂತೆ. ಅದನ್ನು ಹಿಂದೆ ಮುಂದೆ ತಿರುಗಿಸಬಹುದು. ಇನ್ನೊಂದು ಓಟದ ಪಂದ್ಯದ ಸ್ಟಾಪ್‌ವಾಚಿನಂತೆ. ಅದು ಮುಂದಕ್ಕೆ ಮಾತ್ರ ಹೋಗುತ್ತದೆ. ಕ್ಷಣ ಬೇಕಿದ್ದರೆ ಮೊದಲನೆಯದನ್ನು ನೋಡಬೇಕು, ಅವಧಿ ಬೇಕಿದ್ದರೆ ಎರಡನೆಯದನ್ನು. ನಮ್ಮ ಗಳಿಗೆ ಬಟ್ಟಲು ಈ ಎರಡನೆಯ ಜಾತಿಗೆ ಸೇರಿದ್ದು.

ಇನ್ನೂ ತುಂಬದ ಪೆಟ್ಟಿಗೆ

ಕಥೆ ಮುಗಿದಿಲ್ಲ. ಸೆಕೆಂಡುಗಳಲ್ಲಿ ಎಣಿಸುವ ಯುನಿಕ್ಸ್‌ನ 32 ಮನೆಗಳಲ್ಲಿ ಒಂದನ್ನು ಧನ-ಋಣ ಚಿಹ್ನೆಗೆ ಬಿಟ್ಟಿದ್ದರಿಂದ, ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647. ಆ ಎಣಿಕೆ ತುಂಬುವುದು 2038ರ ಜನವರಿ 19ರಂದು, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಕ್ಷಣ ಅಂಥ ಯಂತ್ರ 1901ರ ಡಿಸೆಂಬರಿಗೆ ಹಾರುತ್ತದೆ. ಹೊಸ ಗಣಕಗಳು 64 ಮನೆಗಳಿಗೆ ಬದಲಾಗಿವೆ. ಅವು ತುಂಬಲು ಸುಮಾರು 29,200 ಕೋಟಿ ವರ್ಷ ಬೇಕು. ಆದರೆ ಯಾವುದೋ ಯಂತ್ರದ ಹೊಟ್ಟೆಯಲ್ಲಿ ಹಳೆಯ ಪೆಟ್ಟಿಗೆ ಉಳಿದಿರಬಹುದು. 2015ರಲ್ಲಿ ಬೋಯಿಂಗ್ 787 ವಿಮಾನದ ವಿದ್ಯುಜ್ಜನಕಗಳ ನಿಯಂತ್ರಕದಲ್ಲಿ ಇಂಥದೊಂದು ಎಣಿಕೆ 248 ದಿನ ನಿಲ್ಲದೆ ಓಡಿದರೆ ತುಂಬಿಹೋಗುತ್ತದೆಂದು ಪತ್ತೆಯಾಗಿ, ಅಷ್ಟರೊಳಗೆ ಒಮ್ಮೆ ವಿದ್ಯುತ್ ತೆಗೆದು ಹಾಕಬೇಕೆಂದು ಅಮೆರಿಕದ ವಿಮಾನಯಾನ ಆಡಳಿತ ಆದೇಶ ಹೊರಡಿಸಿತು. ಅದೇ 2,14,74,83,647ನ್ನು ಸೆಕೆಂಡಿನ ನೂರನೇ ಭಾಗಗಳೆಂದು ಭಾವಿಸಿ ದಿನಗಳಿಗೆ ಪರಿವರ್ತಿಸಿ ನೋಡಿ, 248 ಎಲ್ಲಿಂದ ಬಂತು ಎಂಬುದು ಹೊಳೆಯುತ್ತದೆ. ಇಲ್ಲಿ ಆದೇಶದಲ್ಲಿ ಸಂಖ್ಯೆಯೂ ಇತ್ತು, ಮಾನವೂ ಇತ್ತು.

ನಿಮ್ಮಲ್ಲಿ ಹಲವರು ನಾಳೆ ಕ್ರಮವಿಧಿ ಬರೆಯುವವರು. ಕಾಲದ ಲೆಕ್ಕ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಇದು ಕ್ಷಣವೋ ಅವಧಿಯೋ? ಮಾನ ಯಾವುದು? ಪೆಟ್ಟಿಗೆ ಎಷ್ಟು ದಿನಕ್ಕೆ ತುಂಬುತ್ತದೆ? ಭಾಗಾಕಾರವನ್ನು ಎಲ್ಲಿ ಮಾಡುತ್ತಿದ್ದೇನೆ?

ಅದಕ್ಕೂ ಮೊದಲು, ಆರಂಭದಲ್ಲಿ ತೆಗೆದುಕೊಂಡ ಕಾಗದದ ಇನ್ನೊಂದು ಬದಿಯಲ್ಲಿ ನಿಮ್ಮ ವಯಸ್ಸನ್ನು ಸೆಕೆಂಡುಗಳಲ್ಲಿ ಬರೆಯಿರಿ. 16 ತುಂಬಿದವರಿಗೆ ಸುಮಾರು 50 ಕೋಟಿ ಬರುತ್ತದೆ. ಅಧಿಕ ವರ್ಷಗಳ ಫೆಬ್ರವರಿ 29ನ್ನು ಬಿಡಬೇಡಿ. ಅನಂತರ 100 ಕೋಟಿ ಸೆಕೆಂಡು ತುಂಬುವ ದಿನ ಯಾವುದೆಂದು ಕಂಡುಹಿಡಿದು, ಪಕ್ಕದವರ ಉತ್ತರದೊಂದಿಗೆ ತಾಳೆ ನೋಡಿ.